ಶಿವಕುಮಾರಿಯ ಕೈ ಸಪ್ಪಳ

ನಮ್ಮ ಚಾಳಿನಲ್ಲಿ ಕಾಶಿನಾಥನಂಥ ಗಂಡ ಇನ್ನೊಬ್ಬನಿಲ್ಲ ಎಂದು ಗ್ಯಾಲರಿಯ ಹೆಂಗಸರೆಲ್ಲ ಹೇಳುತ್ತಿದ್ದರು. ಕುಡಿಯುವುದಿಲ್ಲ, ತಂಬಾಕು ಮುಟ್ಟುವುದಿಲ್ಲ, ಹೆಂಡತಿಯ ಮೇಲೆ ಕೈ ಮಾಡಿದ್ದನ್ನು ಯಾರೂ ಕಂಡಿಲ್ಲ. ದನಿ ಎತ್ತಿದ್ದನ್ನೂ ಕೇಳಿಲ್ಲ. ‘ಶಿವಾ’ ಎಂದು ಕರೆದರೆ ಬಾಯಿಂದ ಬೆಲ್ಲ ಸುರಿಯಬೇಕು. ಅವನ ಬೆಲ್ಲಕ್ಕಿಷ್ಟು ಬೆಂಕಿ ಹಾಕಲಿ.

ನಾನು ಮಲ್ಲಕ್ಕ, ಅವನ ಪಕ್ಕದ ಖೋಲಿಯವಳು. ವಿಜಯಪುರದ ಕಡೆಯಿಂದ ಮದುವೆಯಾಗಿ ವಡಾಲದ ಈ ಚಾಳಿಗೆ, ಒಂದೇ ಗ್ಯಾಲರಿಗೆ ಸಾಲಾಗಿ ಖೋಲಿಗಳಿರುವ ವಠಾರಕ್ಕೆ, ಬಂದೆ. ನಮ್ಮ ಯಜಮಾನರು ಖಂಡಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಅವರು ಹೋದ ಮೇಲೆ ಜೋಳದ ರೊಟ್ಟಿ ಬಡಿದು ಹೊಟ್ಟೆ ಹೊರೆದೆ. ಆಮೇಲೆ ಬಲ ಹೆಗಲು ಕೈಕೊಟ್ಟಿತು. ಇನ್ನು ರೊಟ್ಟಿ ಬಡಿದರೆ ತಲೆ ಬಾಚಿಕೊಳ್ಳಲಿಕ್ಕೂ ಕೈ ಏಳುವುದಿಲ್ಲ ಎಂದು ಡಾಕ್ಟರು ಬೈದರು. ಈಗ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ.

ನನ್ನದು ಗ್ಯಾಲರಿಯ ಕೊನೆಯ ಖೋಲಿ. ಮುಂದಿನ ಬಾಗಿಲು ಗ್ಯಾಲರಿಗೆ, ಪಕ್ಕದ ಬಾಗಿಲು ಹಿಂದಿನ ಮೆಟ್ಟಿಲಿಗೆ. ಮೂರನೆಯದೊಂದು ಹಳೇ ಬಾಗಿಲು ಕಾಶಿನಾಥನ ಖೋಲಿಗೆ ಹೋಗುತ್ತದೆ. ಮೊದಲು ಆ ಖೋಲಿಯೂ ನಮ್ಮ ಮನೆತನದ್ದೇ. ಮೈದುನ ಅದನ್ನು ಮಾರಿಕೊಂಡು ಹೋದಂದಿನಿಂದ ನಡುವಿನ ಬಾಗಿಲು ಮುಚ್ಚಿದೆ. ಚಿಲಕ ನನ್ನ ಕಡೆಗಿತ್ತು, ಅವರ ಕಡೆ ಹಿಟ್ಟಿನ ಡ್ರಮ್ಮು ಅಡ್ಡ ನಿಂತಿತ್ತು. ಹಲಗೆಯಲ್ಲಿ ಒಂದು ಸೀಳಿದೆ. ನಾನು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದೆ.

ಅವನ ಹೆಂಡತಿ ಶಿವಕುಮಾರಿಯ ಕೈಯ ರೊಟ್ಟಿ ಮಾಟುಂಗದ ಮನೆಗಳಿಗೆ, ಬೈಕುಲ್ಲಾದ ಖಾನಾವಳಿಗಳಿಗೆ ಹೋಗುತ್ತಿತ್ತು. ಅವಳು ಬಡಿಯುವುದು, ಅವನು ಒಯ್ದು ಕೊಡುವುದು. ಎಲ್ಲರೂ ‘ಕಾಶಿನಾಥನ ರೊಟ್ಟಿ’ ಎನ್ನುತ್ತಿದ್ದರು. ಹೋದ ವರ್ಷ ಮಾಟುಂಗದ ಕನ್ನಡ ಮಹಿಳಾ ಮಂಡಲದ ನಾಗರತ್ನಾಬಾಯಿಯವರು ತಮ್ಮ ಕಾರ್ಯಕ್ರಮಕ್ಕೆ ಅವಳನ್ನು ಕರೆಸಿ, ವೇದಿಕೆಯ ಮೇಲೆ ರೊಟ್ಟಿ ಬಡಿಯಲು ಕೂರಿಸಿದರು. ಕಾಗದದಂಥ ರೊಟ್ಟಿ! ಜನ ಚಪ್ಪಾಳೆ ತಟ್ಟಿದರು. ಮರುವಾರದಿಂದ ಗಿರಾಕಿಗಳು ‘ಶಿವಕುಮಾರಿ ರೊಟ್ಟಿ’ ಕೊಡಿ ಎಂದು ಫೋನ್ ಮಾಡತೊಡಗಿದರು.

ಆವಾಗಿನಿಂದ ಶುರುವಾಯಿತು ನೋಡಿ ಅವಳ ಮರೆವು.

ಸಾರಿಗೆ ಎರಡು ಸಲ ಉಪ್ಪು ಬಿತ್ತು. ಕೀಲಿಕೈ ಹಿಟ್ಟಿನ ಡ್ರಮ್ಮಿನಲ್ಲಿ ಸಿಕ್ಕಿತು. ಒಲೆ ಆರಿದ್ದರೂ ಗ್ಯಾಸ್ ಬಿಟ್ಟುಕೊಂಡೇ ಇತ್ತು, ಒಂದು ಸಲವಲ್ಲ, ಮೂರು ಸಲ. ಪ್ರತಿ ಸಲವೂ ವಾಸನೆ ಹಿಡಿದವನು ಕಾಶಿನಾಥನೇ. ಎಲ್ಲರನ್ನೂ ಕೂಗಿ ಕರೆದು, ಕಿಟಕಿ ತೆರೆದು, ನಡುಗುತ್ತ ನಿಂತ ಹೆಂಡತಿಯ ತಲೆ ಸವರುತ್ತಿದ್ದ. “ಇರಲಿ ಬಿಡ ಶಿವಾ, ನಾ ಅದೀನಲ್ಲ.” ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಎಂಥ ಗಂಡ, ಎಂಥ ಪುಣ್ಯ!

ಆಮೇಲೆ ಅವನು ರೊಟ್ಟಿ ಒಯ್ಯುವುದನ್ನು ಬಿಟ್ಟ. ಬೇಕಾದವರು ಬಂದು ಒಯ್ಯಲಿ, ಇವಳನ್ನು ಒಬ್ಬಳೇ ಬಿಟ್ಟು ಹೋಗಲಿಕ್ಕಾಗುವುದಿಲ್ಲ ಎಂದ. ಅವಳ ಮೊಬೈಲು ತನ್ನ ಜೇಬಿಗೆ ಹಾಕಿಕೊಂಡ. ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ದಿನವಿಡೀ ಕುಳಿತ. ರಾತ್ರಿ ಬಾಗಿಲಿಗೆ ಅಡ್ಡ ಹಾಸಿಕೊಂಡ. ದಿನಕ್ಕೆ ಹತ್ತು ಸಲ ಒಳಗೆ ಹಣಿಕಿ ನೋಡುತ್ತಿದ್ದ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತು ಮಾತ್ರ ಒಳಗೆ ಕಾಲಿಡುತ್ತಿರಲಿಲ್ಲ. ಹಿಟ್ಟಿನ ಧೂಳು ಮೂಗಿಗೆ ಹೋದರೆ ಅವನಿಗೆ ಸೀನು ನಿಲ್ಲುವುದಿಲ್ಲ. ಬಾಗಿಲು ಮುಂದೆ ಮಾಡಿ ಹೊರಗೆ ಕೂತು ಸಪ್ಪಳ ಕೇಳುತ್ತಿದ್ದ. ರೊಟ್ಟಿ ಬೇಯುವಷ್ಟು ಹೊತ್ತು ಸುಮ್ಮನಿರುತ್ತಿದ್ದ. ಅದಕ್ಕಿಂತ ತುಸು ಹೆಚ್ಚಾದರೆ ಅದೇ ಬೆಲ್ಲದ ದನಿ: “ಯಾಕ ನಿಂತೈತಿ, ಶಿವಾ?” ತಕ್ಷಣ ಒಳಗಿಂದ ಸಪ್ಪಳ ಶುರು.

“ನನ್ನ ಹೇಣ್ತಿ ಕೈ ಸಪ್ಪಳಾ ಸಾವಿರ ಮಂದ್ಯಾಗ ಗುರ್ತ ಹಿಡೀತೀನ್ರಿ,” ಎಂದು ಹೋಗಿಬರುವವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಹೆಂಗಸರು ಅದಕ್ಕೂ ‘ಆಹಾ’ ಎಂದರು.

ನಾಲ್ಕನೇ ಸಲದ ಗ್ಯಾಸನ್ನು ನಾನು ಕಣ್ಣಾರೆ ಕಂಡೆ. ಅವಳು ಡಬ್ಬ ಹಿಡಿದು ಗ್ಯಾಲರಿಯಾಚೆಯ ಸಂಡಾಸಿಗೆ ಹೋಗಿದ್ದಳು. ನಾನು ತಿಂಗಳ ಹಾಳೆ ತಿರುವಲೆಂದು ಕ್ಯಾಲೆಂಡರ್ ತೆಗೆದಿದ್ದೆ. ಸೀಳಿನಲ್ಲಿ ಅವರ ಒಲೆ ನೇರ ಕಾಣುತ್ತದೆ. ಕಾಶಿನಾಥ ಬಂದ, ಬರ್ನರಿನ ಗುಬುಟು ತಿರುವಿದ, ಕಿಟಕಿ ಮುಚ್ಚಿದ, ಹೊರಗೆ ಹೋಗಿ ಕುರ್ಚಿಯ ಮೇಲೆ ಕುಳಿತ. ಅವಳು ಮರಳಿ ಒಳಗೆ ಹೋದ ಮೇಲೆ ಎದ್ದುನಿಂತು ಕೂಗಿದ: “ಅಯ್ಯೋ, ಗ್ಯಾಸಿನ ವಾಸ್ನಿ ಬರಾಕತ್ತೈತಿ, ಬರ್ರಿ ಎಲ್ಲಾರೂ!”

ನನಗೆ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಕ್ಯಾಲೆಂಡರನ್ನು ಹರಿದು ಎರಡು ಮಾಡಿದ್ದೆ.

ಮರುದಿನ ಅವನು ಸ್ನಾನಕ್ಕೆ ನೀರು ಹಿಡಿಯಲು ಕೆಳಗಿನ ನಲ್ಲಿಗೆ ಹೋದಾಗ ಸೀಳಿಗೆ ಬಾಯಿಟ್ಟು ಕರೆದೆ. “ಶಿವಕುಮಾರೀ, ಗ್ಯಾಸ್ ಬಿಟ್ಟಾಕಿ ನೀ ಅಲ್ಲಬೇ. ನಿನ್ನ ಗಂಡ ಬಿಟ್ಟಾನ. ನಾ ನೋಡೀನಿ.”

ಅವಳು ನಂಬಬೇಕಲ್ಲ! “ಅವರು ಯಾಕ ಹಂಗ ಮಾಡ್ತಾರ ಅಕ್ಕಾ? ನನ್ನ ತಲೀನ ಸರಿ ಇಲ್ಲ. ಪಾಪ, ನನ್ನಿಂದ ಅವರಿಗೆ ಎಷ್ಟ ತ್ರಾಸ,” ಎಂದು ಅತ್ತಳು. ಹಲಗೆ ಮುರಿದು ಹೋಗಿ ಅವಳ ಕೆನ್ನೆಗೆರಡು ಬಾರಿಸಬೇಕು ಎನ್ನಿಸಿತು. ಆಮೇಲೆ ಯೋಚಿಸಿದೆ. ಇವಳಿಗೆ ನನ್ನ ಮಾತಿನ ಮೇಲಲ್ಲ, ತನ್ನ ಮೇಲೆಯೇ ನಂಬಿಕೆ ಹೋಗಿದೆ. ಅವಳ ಕಣ್ಣಿಗೇ ಕಾಣಿಸಬೇಕು.

“ಒಂದ ಕೆಲಸಾ ಮಾಡು,” ಎಂದೆ. “ರೊಟ್ಟಿ ಮುಗದು ಗ್ಯಾಸ್ ಬಂದ್ ಮಾಡಿದ ಮ್ಯಾಲೆ ಆ ಗುಬುಟಿಗೆ ಹಸಿ ಹಿಟ್ಟು ಮೆತ್ತು. ಕರೇ ಗುಬುಟು, ಒಣ ಹಿಟ್ಟು ಬಿಳೀದು, ನಿನಗ ಎದ್ದ ಕಾಣತೈತಿ, ಅಂವಗ ರೊಟ್ಟಿ ಹಿಟ್ಟು ಹತ್ತೈತಿ ಅನಸತೈತಿ. ಯಾರರೆ ಮುಟ್ಟಿದ್ರ ಉದರತೈತಿ.”

“ಹಿಟ್ಟ ಮೆತ್ತೂದೂ ಮರತರ?”

“ಮರತರ ಗುಬುಟು ಕರ್ರಗ ಇರತೈತಿ, ಆವಾಗ ನೀ ಹುಚ್ಚೀನ ಅಂತ ನಾನೂ ಒಪ್ಪಿಕೊಳ್ತೀನಿ. ಹೋಗು.”

ಐದನೆಯ ಸಲ ‘ಗ್ಯಾಸ್’ ಎಂದು ಕೂಗು ಬಿದ್ದಾಗ ನಾನು ಎಲ್ಲರಿಗಿಂತ ಮೊದಲು ಅವರ ಖೋಲಿಗೆ ನುಗ್ಗಿದೆ. ಒಲೆಯ ಕೆಳಗೆ ಬಿಳಿಯ ಚೂರುಗಳು ಉದುರಿ ಬಿದ್ದಿದ್ದವು. ಕಾಶಿನಾಥ ಎಂದಿನಂತೆ ಅವಳ ತಲೆ ಸವರುತ್ತ ನಿಂತಿದ್ದ. ಶಿವಕುಮಾರಿ ಅವನ ಕೈಯನ್ನೇ ನೋಡುತ್ತಿದ್ದಳು. ಹಿಟ್ಟೆಂದರೆ ಸೀನುವ, ಹಿಟ್ಟಿನ ಚೀಲವನ್ನೂ ಮುಟ್ಟದ ಗಂಡಸು ಅವನು. ಅವನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬೆಳ್ಳಗೆ ಹಿಟ್ಟು ಕೂತಿತ್ತು.

ಅವಳು ಅಳಲಿಲ್ಲ. ಜನ ಚದುರಿದ ಮೇಲೆ ಸೀಳಿನ ಬಳಿ ಬಂದು ಒಂದೇ ಮಾತು ಕೇಳಿದಳು: “ಹಂಗಾರ ನಾ ಚಲೋ ಇದ್ದೀನೇನಕ್ಕಾ?”

“ಚಲೋ ಇದ್ದಿ, ನನ್ನವ್ವಾ,” ಎಂದೆ. ನನ್ನ ಕಣ್ಣೇ ತುಂಬಿ ಬಂತು.

ಇಷ್ಟೇ ಆಗಿದ್ದರೆ ನಿಧಾನವಾಗಿ ಏನಾದರೂ ಮಾಡಬಹುದಿತ್ತು. ಅಷ್ಟರಲ್ಲಿ ಕಾಶಿನಾಥ ಖೋಲಿಯ ಸಾಮಾನು ಸಾಗಿಸತೊಡಗಿದ. ಒಂದು ದಿನ ಟಿವಿ, ಇನ್ನೊಂದು ದಿನ ಅವನ ಬಟ್ಟೆಯ ಟ್ರಂಕು, ಮತ್ತೊಂದು ದಿನ ಅವರಪ್ಪನ ಫೋಟೋ, ಎಲ್ಲವೂ ಕೆಳಗಿನ ಗೆಳೆಯನ ಮನೆಗೆ. “ಬಣ್ಣಾ ಹಚ್ಚಸೂದೈತ್ರಿ ಅಕ್ಕಾರ,” ಎಂದ. ಬಣ್ಣ ಹಚ್ಚುವವನು ಹೆಂಡತಿಯ ಟ್ರಂಕನ್ನು ಯಾಕೆ ಬಿಡುತ್ತಾನೆ? ಜೊತೆಗೆ ಇನ್ನೊಂದು ಸುದ್ದಿ ಹೇಳಿದ. ಶುಕ್ರವಾರ ರೊಟ್ಟಿ ಮಾಡುವ ಕರೆಂಟಿನ ಮಷಿನ್ ಬರುತ್ತದಂತೆ, ಅದಕ್ಕೆ ಕೆಳಗೆ ಬೇರೆ ಜಾಗ ಹಿಡಿದಿದ್ದಾನಂತೆ. “ಪಾಪ, ಶಿವಾಗ ಇನ್ನ ಬಡಿಯೂ ತ್ರಾಸಿಲ್ಲ.”

ನಾನು ಮನೆಗೆ ಬಂದು ಕುಳಿತು ಒಂದಕ್ಕೊಂದು ಜೋಡಿಸಿದೆ. ಅವಳು ಗ್ಯಾಸ್ ಬಿಡುತ್ತಾಳೆಂದು ಇಡೀ ಚಾಳಿಗೆ ಗೊತ್ತು. ಬೇಕಾದ ಸಾಮಾನು ಹೊರಗೆ ಹೋಗಿದೆ. ಮಷಿನ್ ಬಂದರೆ ಅವಳ ಕೈಯೂ ಬೇಡ. ಆಮೇಲೊಂದು ದಿನ ಆ ಖೋಲಿಯಲ್ಲಿ ಬೆಂಕಿ ಎದ್ದರೆ ಯಾರು ಏನು ಕೇಳುತ್ತಾರೆ? ಅಯ್ಯೋ ಪಾಪ, ಎಂಥ ಗಂಡ, ಎಷ್ಟು ನೋಡಿಕೊಂಡ ಎಂದು ಇದೇ ಹೆಂಗಸರು ಅಳುತ್ತಾರೆ. ಶುಕ್ರವಾರದೊಳಗೆ ಅವಳು ಅಲ್ಲಿಂದ ಹೊರಬೀಳಬೇಕಿತ್ತು.

ಚಟ್ನಿ ಕೊಡುವ ನೆಪದಲ್ಲಿ ಮಾಟುಂಗಕ್ಕೆ ಹೋಗಿ ನಾಗರತ್ನಾಬಾಯಿಯವರಿಗೆ ಎಲ್ಲ ಹೇಳಿದೆ. ಅವರು ಇಂಥ ಹೆಂಗಸರಿಗಾಗಿ ಓಡಾಡಿದವರು. “ಪೊಲೀಸರನ್ನ ಅಲ್ಲಿಗೇ ಕರಕೊಂಡು ಬಂದರ ಏನಾಗತದ ಹೇಳ್ರಿ? ಅಂವಾ ಹುಚ್ಚೀ ಅಂತಾನ, ಚಾಳಿನ ಮಂದಿ ಹೌದು ಅಂತಾರ, ಅಂವನ ಮುಂದ ಆಕಿ ಬಾಯಿ ಬಿಡೂದಿಲ್ಲ. ಅಂವಾ ಇಲ್ಲದ ಜಾಗಾಕ್ಕ ಆಕೀನ್ನ ತರ್ರಿ. ಆಕೀನ ಹೇಳಲಿ. ಮುಂದಿಂದು ನನಗ ಬಿಡ್ರಿ,” ಎಂದರು.

ತರುವುದು ಯಾವಾಗ? ನಲ್ಲಿಗೆ ಹೋದರೂ ಅವನು ಐದು ನಿಮಿಷದಲ್ಲಿ ಮರಳಿ ಬಂದು ಒಳಗೆ ಹಣಿಕುತ್ತಿದ್ದ. ಅವನು ಒಳಗೆ ಬಾರದ ಹೊತ್ತು ಒಂದೇ, ರೊಟ್ಟಿ ಬಡಿಯುವ ಹೊತ್ತು. ಆದರೆ ಆಗ ಸಪ್ಪಳ ನಿಲ್ಲುವಂತಿಲ್ಲ. ಅಂದರೆ ಅವಳ ಜಾಗದಲ್ಲಿ ಕೂತು ಅವಳ ಹಾಗೆ ಬಡಿಯುವ ಕೈ ಬೇಕು. ನನ್ನ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ. ಹಾಳಾಗಿ ಹೋಗಲಿ, ತಲೆ ಬಾಚಲು ಇನ್ನೊಂದು ಕೈ ಇದೆಯಲ್ಲ.

ಗೋಡೆಗೆ ಕಿವಿಯಿಟ್ಟು ಅವಳ ಲಯ ಕಲಿತೆ. ರೊಟ್ಟಿ ಬಡಿಯುವುದೆಂದರೆ ಎಲ್ಲರದೂ ಒಂದೇ ಎಂದು ತಿಳಿಯಬೇಡಿ. ನಾನು ದಬದಬ ಒಂದೇ ಸಮ ಬಡಿಯುವವಳು. ಅವಳು ಮೊದಲು ಮೆಲ್ಲಗೆ ತಟ್ಟಿ, ರೊಟ್ಟಿ ಅಗಲವಾದಂತೆ ಜೋರು ಮಾಡಿ, ಕೊನೆಗೆ ಅಂಚಿನ ಸುತ್ತ ಚಿಕ್ಕ ಚಿಕ್ಕ ಪೆಟ್ಟು ಹಾಕುತ್ತಾಳೆ. ನನ್ನ ತೊಡೆಯ ಮೇಲೆ ತಟ್ಟಿ ತಟ್ಟಿ ಅಭ್ಯಾಸ ಮಾಡಿದೆ. ಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟೆ. ಎಳೆದಾಗ ಸದ್ದಾಗದಿರಲೆಂದು ಅವಳು ಡ್ರಮ್ಮಿನ ಕೆಳಗೆ ಹಳೇ ಸೀರೆ ತೂರಿಸಿದಳು. ಹೊಸ ಹಿಟ್ಟು ಬಾರದಿದ್ದರಿಂದ ಡ್ರಮ್ಮು ಹಗುರವಾಗಿತ್ತು.

ಗುರುವಾರ ಬೆಳಿಗ್ಗೆ ನಾಗರತ್ನಾಬಾಯಿ ಹಿಂದಿನ ಗಲ್ಲಿಯಲ್ಲಿ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾದಿದ್ದರು. ಶಿವಕುಮಾರಿ ಎಂದಿನಂತೆ ಶುರು ಮಾಡಿದಳು. ಕುರ್ಚಿ ಕಿರುಗುಟ್ಟಿತು, ಕಾಶಿನಾಥ ಫೋನಿನಲ್ಲಿ ಮಷಿನ್‌ನವನ ಜೊತೆ ಮಾತಿಗೆ ಕೂತ. ಕೆಲವು ರೊಟ್ಟಿಯಾದ ಮೇಲೆ ಅವಳು ಒಂದನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಡ್ರಮ್ಮನ್ನು ಎಳೆದಳು. ನಾನು ಚಿಲಕ ತೆಗೆದೆ. ಅವಳು ಈಚೆ, ನಾನು ಆಚೆ.

ಹೊಸ್ತಿಲ ಮೇಲೆ ನಿಂತು ಅವಳು ಪಿಸುಗುಟ್ಟಿದಳು: “ಹಂಚಿನ್ಯಾಗಿಂದು ತಿರುವಿ ಹಾಕಕ್ಕಾ, ಸೀದೀತು.”

“ಹೋಗಬೇ! ಸುಟ್ಟಕೊಂಡ ಹೋಗಲಿ ರೊಟ್ಟಿ!”

ಹೋದಳು. ಬಾಗಿಲು ಮುಚ್ಚಿ, ರೊಟ್ಟಿ ತಿರುವಿ ಹಾಕಿ, ಕಾಲು ಮಡಚಿ ಕೂತೆ. ಉಂಡೆ ಹಿಡಿದು, ಒಣಹಿಟ್ಟು ಉದುರಿಸಿ ಬಡಿಯತೊಡಗಿದೆ. ಮೆಲ್ಲಗೆ, ಆಮೇಲೆ ಜೋರು, ಆಮೇಲೆ ಅಂಚು. ಹೆಗಲಿಗೆ ಚೂರಿ ಹಾಕಿದಂತಾಯಿತು. ಆದರೆ ಲಯ ಸರಿಯಾಗಿ ಬಂತು. ನನಗೇ ಹೆಮ್ಮೆ ಅನ್ನಿಸಿತು.

ಹೊರಗೆ ಫೋನಿನ ಮಾತು ಅರ್ಧಕ್ಕೇ ನಿಂತಿತು.

“ಶಿವಾ, ಬಳಿ ಸಪ್ಪಳ ಯಾಕ ಬರವಲ್ದು?”

ಅಯ್ಯೋ ನನ್ನ ಕರ್ಮವೇ! ಎಲ್ಲ ಯೋಚಿಸಿದ್ದೆವು, ಡ್ರಮ್ಮಿನ ತಳದ ಸೀರೆಯನ್ನೂ ಯೋಚಿಸಿದ್ದೆವು. ಇದನ್ನು ಮಾತ್ರ ಇಬ್ಬರೂ ನೆನೆಯಲಿಲ್ಲ. ಮುತ್ತೈದೆಗೆ ಕೈಯಲ್ಲಿ ಬಳೆ ಇರುವುದು ನೆನಪಾಗುವುದಿಲ್ಲ, ಅವು ಇದ್ದೇ ಇರುತ್ತವೆ. ಖಂಡಪ್ಪ ಹೋದ ದಿನದಿಂದ ನನ್ನ ಕೈ ಬೋಳು. ನನಗೆ ಬಳೆಯ ವಿಚಾರ ಬರುವುದಾದರೂ ಹೇಗೆ? ಅವಳ ಪ್ರತಿ ಪೆಟ್ಟಿನ ಹಿಂದೆ ಗಲ್ ಎನ್ನುತ್ತಿದ್ದ ಹಸಿರು ಬಳೆಗಳು ಅವಳ ಜೊತೆಗೇ ಮೆಟ್ಟಿಲಿಳಿದು ಹೋಗಿದ್ದವು.

ಕುರ್ಚಿ ಕಿರುಗುಟ್ಟಿತು. ಅವನು ಎದ್ದ.

ಕನ್ನಡಿಯ ಪಕ್ಕದ ಮೊಳೆಗೆ ಅವಳ ಹಬ್ಬದ ಹಸಿರು ಬಳೆಗಳು ದಾರದಲ್ಲಿ ಕಟ್ಟಿ ತೂಗುತ್ತಿದ್ದವು. ಎದ್ದು ಕಿತ್ತುಕೊಂಡೆ. ಎಣ್ಣೆಯ ಬಾಟಲಿಯಿಂದ ಕೈಗೆ ಸುರಿದುಕೊಂಡು ತುರುಕಿದೆ. ನನ್ನ ಕೈ ಒರಟು, ಅವಳದು ಎಳೆಯದು. ಒಂದು ಒಡೆದು ಅಂಗೈ ಕೊಯ್ದಿತು, ಇನ್ನೆರಡು ನೆಲಕ್ಕೆ ಬಿದ್ದು ಚೂರಾದವು. ಉಳಿದವು ಹೇಗೋ ಏರಿದವು.

ಸಪ್ಪಳ ಅವನಿಗೂ ಕೇಳಿಸಿತು. ಬಾಗಿಲಿನ ಆಚೆಗೇ ನಿಂತಿದ್ದ, ನೆರಳು ಕೆಳಗಿನ ಸಂದಿಯಲ್ಲಿ ಕಾಣುತ್ತಿತ್ತು. “ಬಳಿ ಒಡಕೊಂಡಿಯೇನು?”

“ಹ್ಞೂಂ,” ಎಂದೆ, ಗಂಟಲೊಳಗೇ.

ನೆರಳು ಹಾಗೆಯೇ ನಿಂತಿತ್ತು. ಆಮೇಲೆ ಅವನು ನಕ್ಕ. “ನೋಡ್ರಿ,” ಎಂದು ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಯಾರಿಗೋ ಹೇಳಿದ, “ಇವತ್ತ ಬಳೀನೂ ಒಡಕೊಂಡ್ಲು. ಧ್ಯಾನ ಅನ್ನೂದ ಇಲ್ಲ ಆಕೀಗೆ, ಏನ ಮಾಡ್ಲಿ ನಾ?” ಆ ಹೆಂಗಸು ಚ್ಚುಚ್ಚು ಎಂದಳು. ಕುರ್ಚಿ ಮತ್ತೆ ಕಿರುಗುಟ್ಟಿತು.

ಅವಳ ಮರೆವಿನ ಕಥೆಗೆ ಇನ್ನೊಂದು ಸಿಕ್ಕಿತಲ್ಲ, ಅವನಿಗೆ ಅದೇ ಸಾಕಾಗಿತ್ತು.

ಬಡಿದೆ. ಗಲ್, ಗಲ್. ಬೇಯಿಸಿದೆ, ಬುಟ್ಟಿಗೆ ಹಾಕಿದೆ, ಮತ್ತೆ ಬಡಿದೆ. ಅಂಗೈಯ ರಕ್ತ ಹಿಟ್ಟಿಗೆ ತಾಗದಂತೆ ಸೆರಗಿನ ಚೂರು ಸುತ್ತಿಕೊಂಡೆ. ಹೆಗಲಿನ ನೋವಿಗೆ ಕಣ್ಣಿಂದ ನೀರು ಇಳಿಯುತ್ತಿತ್ತು. ಖಂಡಪ್ಪನಿಗೆ ಮನಸ್ಸಿನಲ್ಲೇ ಹೇಳಿದೆ: ಸಿಟ್ಟಾಗಬ್ಯಾಡ್ರಿ, ಈ ಬಳಿ ಕೆಲಸದ ಮ್ಯಾಲೆ ಹಾಕ್ಕೊಂಡೀನಿ. ಕುಪ್ಪಸದೊಳಗಿನ ಮೊಬೈಲು ಇನ್ನೂ ಸುಮ್ಮನಿತ್ತು. ಹೊರಗೆ ಅವನು ಫೋನಿನಲ್ಲಿ ಮಷಿನ್‌ನವನಿಗೆ ಹೇಳುತ್ತಿದ್ದ, “ಕೇಳಸಾಕತ್ತೈತೇನ್ರಿ? ನನ್ನ ಹೇಣ್ತಿ ಕೈ. ಇಂಥಾ ಸಪ್ಪಳಾ ನಿಮ್ಮ ಮಷಿನ್ನಿಗೆ ಎಲ್ಲಿಂದ ಬರಬೇಕು?”

ಕೈ ಏಳದಾಯಿತು. ಎಡಗೈಯಿಂದ ಬಲಗೈ ಎತ್ತಿ ಎತ್ತಿ ಹಾಕಿ ಬಡಿದೆ. ಕೊನೆಯ ಹಿಟ್ಟಿನ ಉಂಡೆ ಹಲಗೆಯ ಮೇಲಿದ್ದಾಗ ಮೊಬೈಲು ಎದೆಗೆ ನಡುಗಿತು. ಪೊಲೀಸ್ ಠಾಣೆ ಮುಟ್ಟಿದ ಮೇಲೆ ನಾಗರತ್ನಾಬಾಯಿ ಒಂದು ಮಿಸ್ ಕಾಲ್ ಕೊಡುವುದೆಂದು ಮಾತಾಗಿತ್ತು.

ಬಡಿಯುವುದನ್ನು ನಿಲ್ಲಿಸಿದೆ. ಗ್ಯಾಸ್ ಆರಿಸಿ, ಗುಬುಟಿಗೆ ಹಿಟ್ಟು ಮೆತ್ತಿದೆ.

“ಯಾಕ ನಿಂತೈತಿ, ಶಿವಾ?”

ನಾನೇ ಹೋಗಿ ಬಾಗಿಲು ತೆರೆದೆ. “ಹಿಟ್ಟು ತೀರಿತು ತಮ್ಮಾ.”

ಅವನು ನನ್ನ ಮುಖ ನೋಡಿದ, ಆಮೇಲೆ ಕೈ ನೋಡಿದ, ಹಸಿರು ಬಳೆ ನೋಡಿದ. ನನ್ನನ್ನು ದಾಟಿ ಖಾಲಿ ಖೋಲಿ ನೋಡಿದ. ಆಮೇಲೆ ಬಂತು ನೋಡಿ ದನಿ! ಇಷ್ಟು ವರ್ಷ ಬೆಲ್ಲದ ಕೆಳಗೆ ಮುಚ್ಚಿಟ್ಟಿದ್ದದ್ದೆಲ್ಲ ಒಂದೇ ಸಲ ಬಂತು. “ರಂಡಮುಂಡೀ! ಎಲ್ಲಿ ಕಳಸೀದಿ ಆಕೀನ್ನ? ಸುಟ್ಟ ಹಾಕ್ತೀನಿ ಇಬ್ಬರ್ನೂ!”

ಗ್ಯಾಲರಿಯ ಬಾಗಿಲುಗಳೆಲ್ಲ ತೆರೆದವು. ಕಣ್ಣೊರೆಸಿಕೊಳ್ಳುತ್ತಿದ್ದ ಅದೇ ಹೆಂಗಸರು ಬಾಯಿ ತೆರೆದು ನಿಂತರು. “ಕೇಳ್ರೆವ್ವಾ,” ಎಂದೆ. “ಸುಡತಾನಂತ. ಎಲ್ಲಾರೂ ಕೇಳಿರಲ್ಲ?”

ಮುಂದಿನದು ಪೊಲೀಸರ ಕೆಲಸ. ಶಿವಕುಮಾರಿ ಠಾಣೆಯಲ್ಲಿ ಒಂದೂ ಮರೆಯದೆ ಎಲ್ಲ ಹೇಳಿದಳಂತೆ. ಆ ಹೆಂಗಸರಲ್ಲಿ ಇಬ್ಬರು ನನ್ನ ಜೊತೆ ಬಂದು ಸಾಕ್ಷಿ ಹೇಳಿದರು. ಕೇಸು ನಡೆದಿದೆ. ಕಾಶಿನಾಥ ಜಾಮೀನಿನ ಮೇಲೆ ಹೊರಗಿದ್ದಾನೆ, ಕಲ್ಯಾಣದಲ್ಲಿ ಯಾರೋ ನೆಂಟರ ಮನೆಯಲ್ಲಿ. “ಮೊದಲ್ನೇ ರೊಟ್ಟಿಗೇ ಗೊತ್ತಾಗಿತ್ತು ನನಗ, ಆಕಿ ಕೈ ಅಲ್ಲಂತ,” ಎಂದು ಅಲ್ಲಿ ಹೇಳಿಕೊಂಡು ತಿರುಗುತ್ತಾನಂತೆ. ಗೊತ್ತಾಗಿದ್ದರೆ ಬುಟ್ಟಿ ತುಂಬುವ ತನಕ ಯಾಕೆ ಕೂತು ಕೇಳಿದೆಯಪ್ಪಾ, ಮಹಾರಾಯಾ?

ನನ್ನ ಬಲಗೈ ಈಗ ಹೆಗಲಿನ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಬಳೆ ತೆಗೆಯಲು ಎಡಗೈಯಿಂದ ಎರಡು ಸಲ ನೋಡಿದೆ, ಬರಲಿಲ್ಲ. ಒಡೆದು ತೆಗೆಯಬಹುದಿತ್ತು. ಒಡೆಯಲಿಲ್ಲ. ಒಬ್ಬಳು ‘ಇದೇನ ಮಲ್ಲಕ್ಕಾ, ಈ ವಯಸ್ಸಿನ್ಯಾಗ’ ಎಂದಳು. ನಿನ್ನ ಕೆಲಸ ನೋಡಿಕೋ ಎಂದೆ.

ಹೋದ ವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಶಿವಕುಮಾರಿ. ಊರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆಂಗಸರದೇ ಒಂದು ಖಾನಾವಳಿಯಲ್ಲಿ ಕೆಲಸ ಸಿಕ್ಕಿದೆಯಂತೆ. ಫೋನನ್ನು ಪಕ್ಕಕ್ಕಿಟ್ಟು ಮಾತಾಡುತ್ತಲೇ ಬಡಿಯುತ್ತಿದ್ದಳು. ಮೆಲ್ಲಗೆ, ಆಮೇಲೆ ಜೋರು, ಆಮೇಲೆ ಅಂಚು. ಬಳೆಯ ಸದ್ದಿರಲಿಲ್ಲ.

ನಾನು ಫೋನು ಹಿಡಿದ ಎಡಗೈಯ ಮೊಳಕೈಗೆ ಬಲಗೈಯ ಆಸರೆ ಕೊಟ್ಟೆ. “ಅಕ್ಕಾ, ಅದೇನದು ಗಲ್ ಅಂತು?” ಎಂದು ಕೇಳಿದಳು.

“ನಿನ್ನ ಬಳಿನ. ಹಬ್ಬದ್ದು. ಬಂದಾಗ ಒಯ್ಯಿ.”

ರೊಟ್ಟಿಯ ಸಪ್ಪಳ ನಡುವೆಯೇ ನಿಂತಿತು. ಬೇಯುವಷ್ಟು ಹೊತ್ತಾಯಿತು, ಅದಕ್ಕಿಂತ ಹೆಚ್ಚಾಯಿತು. ನನ್ನ ಕಿವಿ ಅಭ್ಯಾಸಬಲದಿಂದ ಕಾಶಿನಾಥನ ಆ ಬೆಲ್ಲದ ದನಿಗಾಗಿ ಕಾಯುತ್ತಿತ್ತು. ಅವಳದೂ ಕಾಯುತ್ತಿತ್ತೇನೋ.

ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ. ಅವಳು ಸಾಕಾಗುವಷ್ಟು ಅತ್ತು, ಮೂಗೊರೆಸಿಕೊಂಡು, ಮತ್ತೆ ಬಡಿಯಲು ಶುರು ಮಾಡಿದಳು.